ಖಾಲಿ ಜಾಗ ತೋರಿಸುತ್ತಿದ್ದ ವೆಂಡೆಲ್

ವೆಂಡೆಲ್ ಹಿರಾಯಾಮನಿಗೆ ಅನ್ನದ ಮೇಲೆ ಏನೂ ಬೀಳಬಾರದು. ಮಾಂಸ, ಸಾರು, ಪಲ್ಯ ಎಲ್ಲ ತಟ್ಟೆಯ ಆಚೆ ಬದಿಗೆ. ಅನ್ನ ಈಚೆ ಬದಿಗೆ, ಬೆಳ್ಳಗೆ. ಮೊದಲು ಬರೀ ಅನ್ನ ಒಂದೆರಡು ತುತ್ತು ತಿಂದು, “ಇವತ್ತು ನೀರು ಒಂಚೂರು ಜಾಸ್ತಿ ಆಯ್ತು ಆಂಟಿ” ಎಂದೋ, “ಇವತ್ತು ಪಾಸು” ಎಂದೋ ಹೇಳಿದ ಮೇಲೆಯೇ ಮಿಕ್ಕಿದ್ದಕ್ಕೆ ಕೈ ಹಾಕುತ್ತಿದ್ದ.

ನಾನೂ ಬಿಡುತ್ತಿರಲಿಲ್ಲ. “ಪಾಸು ಮಾಡೋಕೆ ನೀನು ಯಾವ ಇಸ್ಕೂಲ್ ಮೇಷ್ಟ್ರೋ? ನಾನು ಅಕ್ಕಿ ತೊಳೆಯೋಕೆ ಶುರು ಮಾಡ್ದಾಗ ನೀನು ಚಡ್ಡಿ ಇಲ್ದೆ ಓಡಾಡ್ತಿದ್ದೆ,” ಎನ್ನುತ್ತಿದ್ದೆ.

ಅದು ಸುಳ್ಳೇನೂ ಅಲ್ಲ. ನಮ್ಮ ದ್ವೀಪದ ಪೆಪೆಕೆಯೊ ಸಕ್ಕರೆ ಕಾರ್ಖಾನೆಯ ಕೂಲಿ ಲೈನಿನಲ್ಲಿ ಅವರ ಮನೆ ಜಪಾನಿನವರ ಸಾಲಿನಲ್ಲಿತ್ತು, ನಮ್ಮದು ಫಿಲಿಪೀನಿನವರ ಸಾಲಿನಲ್ಲಿ. ನಡುವೆ ಎಲ್ಲರಿಗೂ ಸೇರಿದ ಒಂದು ಬಚ್ಚಲುಮನೆ. ಅವನಪ್ಪ ಕಾರ್ಖಾನೆಯಲ್ಲಿ ಪಾಕ ಕುದಿಯುವ ಕೊಪ್ಪರಿಗೆ ನೋಡಿಕೊಳ್ಳುತ್ತಿದ್ದ. ನನ್ನಪ್ಪ ಕಬ್ಬು ಕಡಿಯುತ್ತಿದ್ದ.

ಮುಂದೆ ನಾವಿಬ್ಬರೂ ಮೌನಾ ಕೇಯ ಬೆಟ್ಟಕ್ಕೆ ಬಂದೆವು. ನೆತ್ತಿಯ ಮೇಲೆ ಗಾಳಿ ತೆಳು. ಕೆಳಗಿನಿಂದ ಹೋದವರು ಅರ್ಧ ದಾರಿಯ ಕಲ್ಲುಮನೆಯಲ್ಲಿ ತಂಗಿ, ಉಸಿರು ಹೊಂದಿಸಿಕೊಂಡೇ ಮೇಲೆ ಹೋಗಬೇಕು. ನಾನು ಆ ಕಲ್ಲುಮನೆಯಲ್ಲಿ ಅಡುಗೆಯವಳು. ರಾತ್ರಿಯೆಲ್ಲ ಮೇಲೆ ದೂರದರ್ಶಕಗಳ ಹತ್ತಿರ ಕೂತಿದ್ದವರು ಬೆಳಗ್ಗೆ ಇಳಿದು ಬಂದು, ತಿಂದು, ಕಿಟಕಿಗೆ ಕಪ್ಪು ಪರದೆ ಎಳೆದುಕೊಂಡು ಮಲಗುತ್ತಿದ್ದರು. ಹಗಲು ಮಲಗಿದವರನ್ನು ಎಬ್ಬಿಸಬಾರದು ಎನ್ನುವುದೇ ಅಲ್ಲಿಯ ಮೊದಲ ಕಟ್ಟಳೆ. ಹಜಾರದಲ್ಲಿ ತುದಿಗಾಲಲ್ಲಿ ನಡೆಯಬೇಕು. ನನ್ನ ಕೈಯಿಂದ ಒಂದು ಸೌಟು ಜಾರಿ ಬಿದ್ದರೂ ಒಳಗಿಂದ ಯಾರೋ ಬೈದುಕೊಳ್ಳುವುದು ಕೇಳುತ್ತಿತ್ತು.

ವೆಂಡೆಲ್ ಮೊದಲು ಬಂದದ್ದು ಲಾರಿ ಡ್ರೈವರಾಗಿ. ನೆತ್ತಿಯ ಮೇಲಿನ ಒಂದು ದೂರದರ್ಶಕ ಕಣ್ಣಿಗೆ ಕಾಣುವ ಬೆಳಕನ್ನು ನೋಡುವುದಲ್ಲ, ಕಾವನ್ನು ನೋಡುವುದು. ಅವಕೆಂಪು ಬೆಳಕು ಎನ್ನುತ್ತಾರೆ. ಅದರ ಕ್ಯಾಮೆರಾ ಬೆಚ್ಚಗಾದರೆ ತನ್ನ ಕಾವನ್ನೇ ತಾನು ನೋಡಿಕೊಂಡು ಕೂರುತ್ತದಂತೆ. ಅದಕ್ಕಾಗಿ ಹಿಮಕ್ಕಿಂತ ಎಷ್ಟೋ ಪಟ್ಟು ತಣ್ಣಗಿನ ದ್ರವ ನೈಟ್ರೋಜನ್ ತಂದು ಸುರಿಯಬೇಕು. ವೆಂಡೆಲ್ ಅದನ್ನು ಕೆಳಗಿನ ಹಿಲೋ ಪಟ್ಟಣದಿಂದ ಹೊತ್ತು ತರುತ್ತಿದ್ದ. ತಂದು ಸುಮ್ಮನೆ ಹಿಂದಿರುಗದೆ ನಿಂತು ನೋಡುತ್ತಿದ್ದ, ಕೇಳುತ್ತಿದ್ದ. ಹಾಗೇ ಕಲಿತು, ಪರೀಕ್ಷೆ ಕೊಟ್ಟು, ದೂರದರ್ಶಕವನ್ನು ತಿರುಗಿಸುವ ಕೆಲಸಕ್ಕೆ ಸೇರಿದ. ಬೇರೆ ಬೇರೆ ದೇಶದ ವಿಜ್ಞಾನಿಗಳು ಬಂದು ಇಂಥ ಕಡೆ ನೋಡಬೇಕು ಎಂದರೆ ಇವನು ಅಲ್ಲಿಗೆ ತಿರುಗಿಸುವುದು.

ಅದರಲ್ಲಿ ಇವನದೊಂದು ವಿಶೇಷ ಕೆಲಸವಿತ್ತು. ಖಾಲಿ ಜಾಗ ತೋರಿಸುವುದು.

ಇದು ನನಗೆ ಅರ್ಥವಾದದ್ದು ನನ್ನ ಮೊಮ್ಮಗಳ ಮೊದಲ ಹುಟ್ಟುಹಬ್ಬದ ದಿನ. ಹಿತ್ತಲಲ್ಲಿ ನೆಲದೊಲೆ ತೋಡಿ, ಕಲ್ಲು ಕಾಯಿಸಿ, ಹಂದಿ ಇಟ್ಟು, ಬಾಳೆ ಎಲೆ ಹೊದಿಸಿ ಮಣ್ಣು ಮುಚ್ಚಿದ್ದೆವು. ಗಂಡಸರು ಸುತ್ತ ಕೂತು ಬಿಯರ್ ಕುಡಿಯುತ್ತಿದ್ದರು. “ಖಾಲಿ ಜಾಗ ನೋಡೋಕೆ ಇಷ್ಟು ದೊಡ್ಡ ಯಂತ್ರ ಯಾಕೋ?” ಎಂದು ನನ್ನ ಅಳಿಯ ಕೆಣಕಿದ.

ವೆಂಡೆಲ್ ನನ್ನನ್ನು ಕರೆದ. “ಆಂಟಿ, ಇಲ್ಲಿ ಬನ್ನಿ. ಹಂದಿ ಕಾಣ್ತಿದ್ಯಾ?”

“ಮಣ್ಣು ಮುಚ್ಚಿದ ಮೇಲೆ ಹೆಂಗಯ್ಯಾ ಕಾಣುತ್ತೆ?”

“ಕೈ ಇಡಿ. ಬಿಸಿ ಇದ್ಯಾ?”

“ಇದೆ. ಆದ್ರೆ ಬಿಸಿಲಿಗೆ ನೆಲವೆಲ್ಲಾನೂ ಬಿಸೀನೇ.”

“ಅಷ್ಟೇ ವಿಷಯ. ಈಗ ಇನ್ನೊಂದು ಕೈನ ಅಲ್ಲಿ, ಪಕ್ಕದ ನೆಲದ ಮೇಲೆ ಇಡಿ. ಅಲ್ಲಿ ಬರೀ ಬಿಸಿಲಿನ ಬಿಸಿ. ಇಲ್ಲಿ ಬಿಸಿಲಿನ ಬಿಸಿ, ಜೊತೆಗೆ ಒಲೆ ಬಿಸಿ. ಇದರಲ್ಲಿ ಅದನ್ನ ಕಳೀರಿ. ಉಳಿದಿದ್ದೇ ನಿಮ್ಮ ಹಂದಿ.”

ಆಕಾಶದಲ್ಲೂ ಹಾಗೆಯೇ ಎಂದ. ದೂಳು, ಅನಿಲದ ದೊಡ್ಡ ದೊಡ್ಡ ಮೋಡಗಳ ಒಳಗೆ ನಕ್ಷತ್ರಗಳು ಹುಟ್ಟುತ್ತವೆ. ಎಳೆಯ ನಕ್ಷತ್ರಗಳು ಮೋಡ ಹೊದ್ದುಕೊಂಡೇ ಇರುತ್ತವೆ, ಅವುಗಳ ಬೆಳಕು ಹೊರಗೆ ಬರುವುದಿಲ್ಲ. ಕಾವು ಮಾತ್ರ ಬರುತ್ತದೆ. ಆದರೆ ನಮ್ಮ ತಲೆಯ ಮೇಲಿನ ಗಾಳಿಗೂ ಕಾವಿದೆ, ದೂರದರ್ಶಕಕ್ಕೂ ಇದೆ. ಅದಕ್ಕೇ ಒಮ್ಮೆ ಮೋಡದ ಕಡೆ ನೋಡುವುದು, ಒಮ್ಮೆ ಪಕ್ಕದಲ್ಲಿ ಏನೂ ಇಲ್ಲದ ಕಡೆ ನೋಡುವುದು, ಇದರಲ್ಲಿ ಅದನ್ನು ಕಳೆಯುವುದು. ಏನೂ ಇಲ್ಲದ ಕಡೆ ಯಾವುದು ಎಂದು ಹೇಳುವವನು ವೆಂಡೆಲ್.

ಅವನ ಹೆಂಡತಿ ಅರ್ಲೀನ್ ಆಲೂಗಡ್ಡೆ ಸುಲಿಯುತ್ತ ಅಲ್ಲೇ ಕೂತಿದ್ದಳು. ಆಂಥೂರಿಯಂ ಹೂವಿನ ತೋಟದಲ್ಲಿ ಕೆಲಸ, ದೊಡ್ಡ ಗಂಟಲು. “ಕೇಳಿದ್ರಾ ಆಂಟಿ? ನಾನು ದಿನಾ ಬೆನ್ನು ಮುರ್ಕೊಂಡು ಹೂವು ಕೊಯ್ತೀನಿ. ಇವ್ರು ಏನೂ ಇಲ್ಲದ ಕಡೆ ನೋಡ್ತಾರೆ. ಸಂಬಳ ಇವ್ರಿಗೇ ಜಾಸ್ತಿ!” ಎಂದಳು. ಎಲ್ಲರೂ ನಕ್ಕರು. ವೆಂಡೆಲ್ ಎಲ್ಲರಿಗಿಂತ ಜೋರಾಗಿ ನಕ್ಕ.

ಆಮೇಲೆ ಒಂದು ಆಗಸ್ಟ್ ತಿಂಗಳಲ್ಲಿ ಅರ್ಲೀನ್ ತೋಟದ ನೆರಳುಬಲೆಯ ಕೆಳಗೆ, ಕೊಯ್ದ ಹೂವಿನ ಬಕೆಟ್ ಪಕ್ಕದಲ್ಲೇ ಕುಸಿದಳು. ತಲೆಯಲ್ಲಿ ರಕ್ತನಾಳ ಒಡೆದಿತ್ತು. ಫೋನು ಬಂದದ್ದು ನನ್ನ ಅಡುಗೆಮನೆಗೆ. ಮಧ್ಯಾಹ್ನ. ವೆಂಡೆಲ್ ಮಲಗಿದ್ದ. ಹಗಲು ಮಲಗಿದವರೊಬ್ಬರನ್ನು ನಾನು ಎಬ್ಬಿಸಿದ್ದು ಅದೊಂದೇ ಸಲ. ಕತ್ತಲೆ ಕೋಣೆಯಲ್ಲಿ ಎದ್ದು ಕೂತು, ನಾನು ಹೇಳಿದ್ದನ್ನು ಕೇಳಿ, “ಹ್ಞಾ” ಎಂದ. ಶೂ ಹುಡುಕಿದ. ಶೂ ಕಾಲಬುಡದಲ್ಲೇ ಇತ್ತು. ಅವನು ಹಿಲೋ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಣ್ಣು, ಪೂಜೆ ಎಲ್ಲ ಆಯಿತು. ಆ ವಾರವೇ ಬೆಟ್ಟಕ್ಕೆ ಬಂದ. ಜೋಡಿಸಿಟ್ಟಿದ್ದ ತಟ್ಟೆ ತೆಗೆದುಕೊಂಡು ಸರದಿಯಲ್ಲಿ ನಿಂತ. ನಾನು ಅನ್ನವನ್ನು ಈಚೆಗೆ, ಸಾರನ್ನು ಆಚೆಗೆ ಬಡಿಸಿದೆ. ಹೋಗಿ ಕೂತು, ಎರಡನ್ನೂ ಕಲಸಿಕೊಂಡು ತಿಂದ.

ಆಮೇಲೆ ಅನ್ನದ ಬಗ್ಗೆ ಅವನು ಏನೂ ಹೇಳಲಿಲ್ಲ. ಒಂದು ದಿನ ಮೀನಿನ ಸಾರಿಗೆ ಉಪ್ಪಿನ ಬದಲು ಸಕ್ಕರೆ ಹಾಕಿಬಿಟ್ಟಿದ್ದೆ. ಊಟದ ಮನೆಯಲ್ಲಿ ದೊಡ್ಡ ಗಲಾಟೆ. “ಆಂಟಿ, ಇದು ಸಾರಾ, ಪಾಯಸಾನಾ?” ಎಂದು ಒಬ್ಬ. “ಮುಚ್ಚಿದ ಸಕ್ಕರೆ ಕಾರ್ಖಾನೆ ಇಲ್ಲಿ ಶುರುವಾಯ್ತಲ್ಲೋ!” ಎಂದು ಇನ್ನೊಬ್ಬ. ವೆಂಡೆಲ್ ಬಟ್ಟಲು ಖಾಲಿ ಮಾಡಿ, ತೊಳೆಯುವ ತೊಟ್ಟಿಯಲ್ಲಿಟ್ಟು ಹೋದ.

ಮತ್ತೊಂದು ಬೆಳಗ್ಗೆ ಕಾಫಿ ಕೊಡುವಾಗ ಅವನ ಬಲಗೈ ಬೆರಳ ತುದಿಗಳು ಮೇಣದ ಹಾಗೆ ಬಿಳಿಚಿಕೊಂಡಿದ್ದವು. ಯಾರೋ ನೈಟ್ರೋಜನ್ ಸುರಿಯುವಾಗ ನೆರವಿಗೆ ಹೋಗಿದ್ದನಂತೆ, ಕೈಗವಸು ಹಾಕದೆ.

“ಉರೀತಿಲ್ವಾ?”

“ಗೊತ್ತಾಗ್ತಿಲ್ಲ ಆಂಟಿ.” ಬಿಸಿ ಲೋಟವನ್ನು ಅದೇ ಬೆರಳಿನಲ್ಲಿ ಹಿಡಿದಿದ್ದ.

ನಾನು ಆ ಬೆರಳುಗಳನ್ನು ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿಸಿ ಕೂರಿಸಿದೆ. ಕೂತ. ಏಳು ಎನ್ನುವವರೆಗೂ ಕೂತೇ ಇದ್ದ.

ಲೆಸ್ಟರ್ ಪಾಶೆಕೊ ಇವರೆಲ್ಲರ ಮೇಲ್ವಿಚಾರಕ. ಹಿಲೋ ಕಚೇರಿಯಲ್ಲಿ ಕೂರುವವನು, ವೆಂಡೆಲನ ಜೊತೆ ಶಾಲೆಗೆ ಹೋದವನು. ಬೆರಳಿನ ಸುದ್ದಿ ತಿಳಿದು ಮೇಲೆ ಬಂದ. ನನ್ನ ಮುಂದೆಯೇ ಮಾತಾಡಿದ.

“ಲೋ, ನೀನು ಯಾರ ಪಾಳಿ ಸಿಕ್ಕಿದ್ರೂ ತಗೊಳ್ತಿದ್ದೀಯಂತೆ. ಬೆಟ್ಟದಿಂದ ಇಳೀತಾನೇ ಇಲ್ವಂತೆ.”

“ಇಳೀತೀನಲ್ಲ.”

“ಸುಮ್ನಿರೋ. ಮೇಲೆ ಗಾಳಿ ಇಲ್ಲ, ನಿನ್ನ ತಲೇಲಿ ನಿದ್ದೆ ಇಲ್ಲ. ಇವತ್ತು ಬೆರಳು, ನಾಳೆ ಇನ್ನೇನೋ. ಕೆಳಗಡೆ ಉಗ್ರಾಣದಲ್ಲಿ ಒಂದು ಜಾಗ ಇದೆ. ಹಗಲು ಕೆಲಸ. ಸಂಜೆ ಆರಾಮಾಗಿ ಮನೆಗೆ ಹೋಗ್ಬಹುದು.”

“ಬೇಡ.”

ಅಷ್ಟು ದಿನದಲ್ಲಿ ಅವನು ಬೇಕು, ಬೇಡ ಎಂದು ಹೇಳಿದ ಮೊದಲ ಮಾತು ಅದು. ಲೆಸ್ಟರ್ ನನ್ನ ಮುಖ ನೋಡಿದ. “ಸರಿ. ಇನ್ನೊಂದು ಸಲ ಏನಾದ್ರೂ ಆದ್ರೆ ನಾನು ಕೇಳೋದಿಲ್ಲ, ಹೇಳೋದು ಅಷ್ಟೇ,” ಎಂದು ಕಾಫಿ ಕುಡಿದು ಹೋದ.

ಆ ‘ಬೇಡ’ ಯಾಕೆಂದು ನನಗೆ ಗೊತ್ತಿತ್ತು. ರಜೆಯ ದಿನ ಸಮುದ್ರದಂಡೆಯ ಪಾರ್ಕಿಗೆ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದಾಗ ಅವನ ಗಾಡಿ ಅಲ್ಲಿ ನಿಂತಿರುವುದನ್ನು ಕಂಡಿದ್ದೆ. ಒಳಗೆ ಹ್ಯಾಂಗರಿಗೆ ಅಂಗಿಗಳು ನೇತಾಡುತ್ತಿದ್ದವು, ಸೀಟಿನ ಮೇಲೆ ದಿಂಬು. ಊರಂಚಿನ ಕೌಮಾನದಲ್ಲಿ ಸ್ವಂತ ಮನೆ ಇಟ್ಟುಕೊಂಡು ಗಾಡಿಯಲ್ಲಿ ಮಲಗುತ್ತಿದ್ದ.

“ಮನೇಲಿ ಏನು ಹಾವಿದ್ಯಾ?” ಎಂದು ಕೇಳಿದ್ದೆ. ನಮ್ಮ ದ್ವೀಪದಲ್ಲಿ ಹಾವೇ ಇಲ್ಲ.

“ಮನೇಲಿ ಏನೂ ಇಲ್ಲ ಆಂಟಿ,” ಎಂದಿದ್ದ. “ಖಾಲಿ.”

ಬೆಟ್ಟದ ಮೇಲಿದ್ದರೆ ಆ ಮನೆಗೆ ಹೋಗಬೇಕಾಗಿಲ್ಲ. ಕಲ್ಲುಮನೆಯಲ್ಲಿ ಹಾಸಿಗೆ ಇದೆ, ಪರದೆ ಇದೆ, ನನ್ನ ಅನ್ನ ಇದೆ. ಉಗ್ರಾಣಕ್ಕೆ ಇಳಿದರೆ ದಿನವೂ ಸಂಜೆ ಆಗುತ್ತದೆ. ಇಷ್ಟೇ ವಿಷಯ. ಅವನು ಹಿಡಿದುಕೊಂಡಿದ್ದದ್ದು ಇದೊಂದನ್ನೇ.

ನವೆಂಬರಿನಲ್ಲಿ ಮೊರಾಗ್ ಬಂದಳು. ಸ್ಕಾಟ್‌ಲೆಂಡಿನ ಹುಡುಗಿ, ಕೆಂಪು ಕೂದಲು, ಓದು ಇನ್ನೂ ಮುಗಿದಿರಲಿಲ್ಲ. ವೃಷಭ ರಾಶಿಯ ಒಂದು ಕಪ್ಪು ಮೋಡದ ಒಳಗೆ ಎಷ್ಟು ಎಳೆಯ ನಕ್ಷತ್ರಗಳಿವೆ ಎಂದು ನೋಡುವುದು ಅವಳ ಕೆಲಸ. ದೂರದರ್ಶಕಕ್ಕೆ ಆಗ ತಾನೇ ಹೊಸ ಕ್ಯಾಮೆರಾ ಬಂದಿತ್ತು. ಹಳೆಯದಕ್ಕೆ ಕಾಣದಷ್ಟು ಮಂಕಾದದ್ದೂ ಅದಕ್ಕೆ ಕಾಣುತ್ತದೆ ಎನ್ನುತ್ತಿದ್ದರು. ಅವಳಿಗೆ ಕೊಟ್ಟಿದ್ದದ್ದು ಒಂದು ವಾರ. ಅದು ಕೈತಪ್ಪಿದರೆ ಮತ್ತೆ ಮುಂದಿನ ವರ್ಷವೇ. ಅವಳ ಜೊತೆ ಕೂರುವ ಪಾಳಿ ವೆಂಡೆಲನದು.

ಮೊದಲ ದಿನ ಖುಷಿಯಾಗಿ ನನ್ನ ಪಪ್ಪಾಯಿಗೆ ನಿಂಬೆ ಹಿಂಡಿಕೊಂಡು ತಿಂದಳು. ಎರಡನೆಯ ಬೆಳಗ್ಗೆ ತಟ್ಟೆ ಮುಂದಿಟ್ಟುಕೊಂಡು ಅಳುತ್ತಿದ್ದಳು.

“ಏನಾಯ್ತಮ್ಮಾ?”

“ಚಿತ್ರದ ತುಂಬ ಗುಂಡಿಗಳು ಆಂಟಿ. ನಕ್ಷತ್ರ ಇರ್ಬೇಕಾದ ಕಡೆ ನಕ್ಷತ್ರ ಇದೆ, ಸರಿ. ಆದ್ರೆ ಅಲ್ಲಲ್ಲಿ ಕರೀ ತೂತು. ಯಾರೋ ಸಿಗರೇಟಿನಲ್ಲಿ ಸುಟ್ಟ ಹಾಗೆ.”

ಕ್ಯಾಮೆರಾ ಕೆಟ್ಟಿದೆ ಎಂದರು. ಕ್ಯಾಮೆರಾದವನು ಬಂದು ಬಿಚ್ಚಿ ನೋಡಿ ಸರಿಯಿದೆ ಎಂದ. ಮಾರನೆಯ ದಿನವೂ ಗುಂಡಿಗಳು. ಹಾಗಾದರೆ ದೂರದರ್ಶಕ ತಿರುಗಿಸುವವನೇ ತಪ್ಪು ಮಾಡಿದ್ದಾನೆ ಎಂದಾಯಿತು. ಲೆಸ್ಟರ್ ಬಂದ. ಬೆಳಗಿನ ತಿಂಡಿಯ ಹೊತ್ತು, ಎಲ್ಲರೂ ಇದ್ದರು.

“ಖಾಲಿ ಜಾಗ ಅಂತ ಎಲ್ಲಿ ತೋರಿಸ್ದೆ?”

“ಆ ಮೋಡಕ್ಕೆ ಯಾವಾಗ್ಲೂ ತೋರ್ಸೋ ಕಡೆ.” ಪಕ್ಕದ ಒಂದು ತುಂಡು ಆಕಾಶ. ಇಷ್ಟು ವರ್ಷ ಬಂದವರೆಲ್ಲರಿಗೂ ಅವನು ತೋರಿಸುತ್ತಿದ್ದದ್ದು ಅದನ್ನೇ.

“ಖಂಡಿತಾ ಅಲ್ಲೇನಾ? ಎಲ್ಲೋ ನೋಡ್ಕೊಂಡು ಬೇರೆ ಕಡೆ ತಿರುಗಿಸಿಲ್ವಲ್ಲ?”

ವೆಂಡೆಲ್ ತನ್ನ ಬೆರಳುಗಳನ್ನು ನೋಡಿದ. “ಗೊತ್ತಿಲ್ಲ,” ಎಂದ.

ಇಲ್ಲ ಎಂದಿದ್ದರೆ ಲೆಸ್ಟರ್ ಅವನ ಪಕ್ಷ ವಹಿಸುತ್ತಿದ್ದನೋ ಏನೋ. ಗೊತ್ತಿಲ್ಲ ಎಂದ ಮೇಲೆ ಅವನಾದರೂ ಏನು ಮಾಡಿಯಾನು? “ಸೋಮವಾರ ಕೆಳಗೆ ಬಾ. ಉಗ್ರಾಣದ ಬೀಗದ ಕೈ ಕೊಡ್ತೀನಿ,” ಎಂದ.

“ಹ್ಞಾ,” ಎಂದ ವೆಂಡೆಲ್. ಅರ್ಲೀನಳ ಸುದ್ದಿ ಹೇಳಿದಾಗ ಎಂದ ಹಾಗೆಯೇ.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮೇಜು ಒರೆಸಿದೆ. ಅಲ್ಲಿ ಎಲ್ಲರಿಗೂ ಒಂದು ತರದ ಮಂಕು ಹಿಡಿದಿತ್ತು. ಮೊರಾಗ್ ಅಳುವುದನ್ನೂ ನಿಲ್ಲಿಸಿದ್ದಳು.

ಆ ದಿನ ಅವಳು ಮಲಗಲಿಲ್ಲ. ಊಟದ ಮನೆಯ ಮೂಲೆಯ ಮೇಜಿನ ಮೇಲೆ ಚಿತ್ರಗಳನ್ನು ಹರಡಿಕೊಂಡು ಕೂತಳು. ನಾನು ಈರುಳ್ಳಿ ಹೆಚ್ಚುತ್ತ ಒಳಗಿನಿಂದ ನೋಡುತ್ತಿದ್ದೆ. ಒಂದು ಚಿತ್ರ ಎತ್ತಿ, ಇನ್ನೊಂದರ ಮೇಲಿಟ್ಟು, ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಸಂಜೆಯ ಊಟಕ್ಕೆ ಎಲ್ಲರೂ ಎದ್ದು ಬಂದಾಗ ಲೆಸ್ಟರನನ್ನೂ ವೆಂಡೆಲನನ್ನೂ ಅಲ್ಲಿಗೆ ಕರೆದಳು.

“ಗುಂಡಿಗಳು ಎಲ್ಲಾ ಚಿತ್ರದಲ್ಲೂ ಒಂದೇ ತರ ಕೂತಿವೆ. ಕ್ಯಾಮೆರಾದಲ್ಲಿ ದೋಷ ಇದ್ದಿದ್ರೆ, ಕ್ಯಾಮೆರಾನ ಓರೆ ಮಾಡ್ದಾಗ ಗುಂಡಿಗಳೂ ಓರೆ ಆಗ್ಬೇಕಿತ್ತು. ಆಗಿಲ್ಲ. ಅವು ಆಕಾಶದಲ್ಲೇ ಇರೋವು,” ಎಂದಳು. “ವೆಂಡೆಲ್, ನೀವು ತಿರುಗಿಸಿದ್ದು ಸರಿಯಾದ ಕಡೇನೇ. ಆದ್ರೆ ನಿಮ್ಮ ಖಾಲಿ ಜಾಗ ಖಾಲಿ ಇಲ್ಲ.”

ನನಗೆ ನೆಲದೊಲೆ ನೆನಪಾಯಿತು. ಪಕ್ಕದ ನೆಲದ ಮೇಲೆ ಇಟ್ಟ ಕೈಯ ಕೆಳಗೂ ಒಂದು ಒಲೆ ಇದ್ದರೆ? ಇದರಲ್ಲಿ ಅದನ್ನು ಕಳೆದರೆ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಗುಂಡಿಯಾಗುತ್ತದೆ.

“ಅಲ್ಲೂ ಮೋಡ ಇದೆ. ಅದರೊಳಗೂ ನಕ್ಷತ್ರ ಇವೆ, ತುಂಬ ಎಳೇವು,” ಎಂದಳು ಮೊರಾಗ್. “ಹಳೇ ಕ್ಯಾಮೆರಾಗೆ ಅವು ಕಾಣ್ತಾನೇ ಇರ್ಲಿಲ್ಲ. ಅದಕ್ಕೇ ಇಷ್ಟು ವರ್ಷ ಯಾರಿಗೂ ಗುಂಡಿ ಸಿಕ್ಕಿಲ್ಲ.”

“ಅಂದ್ರೆ ಇಷ್ಟು ವರ್ಷ ನಾವೆಲ್ಲ ಅವನ್ನ ಕಳೀತಾನೇ ಬಂದಿದ್ದೀವಿ,” ಎಂದ ಲೆಸ್ಟರ್. ಕುರ್ಚಿ ಎಳೆದು ಕೂತ. “ಸರಿ ಕಣೋ. ನಿಂದೊಬ್ಬಂದೇ ತಪ್ಪಲ್ಲ. ಉಗ್ರಾಣದ ಮಾತು ಬಿಟ್ಟಾಕು. ಇಲ್ಲೇ ಇರು.”

ವೆಂಡೆಲ್ ಚಿತ್ರದ ಮೇಲೆ ಬಾಗಿ ಒಂದು ಕರಿ ಗುಂಡಿಯ ಮೇಲೆ ಬೆರಳಿಟ್ಟ. “ಇವು ಯಾವಾಗಿಂದ ಇದ್ವು?”

“ಲಕ್ಷಾಂತರ ವರ್ಷ. ನಕ್ಷತ್ರಗಳ ಲೆಕ್ಕದಲ್ಲಿ ಇನ್ನೂ ತೊಟ್ಟಿಲ ಕೂಸು.”

“ನಾನು ದಿನಾ ಅಲ್ಲೇ ನೋಡ್ತಿದ್ನಲ್ಲ.”

“ನೋಡ್ತಿದ್ರಿ,” ಎಂದಳು ಅವಳು. ಆಮೇಲೆ ಮೆಲ್ಲಗೆ, “ಇವತ್ತು ಅಲ್ಲಿಗೇ ತಿರುಗ್ಸೋಣ. ನೇರ ಅದನ್ನೇ ನೋಡೋಣ. ಅದಕ್ಕೊಂದು ಬೇರೆ ಖಾಲಿ ಜಾಗ ಹೇಳಿ,” ಎಂದಳು.

ನಾನು ಬಡಿಸಿಕೊಟ್ಟ ತಟ್ಟೆ ಅವನ ಮುಂದೆ ತಣ್ಣಗಾಗುತ್ತಿತ್ತು. ಲೆಸ್ಟರ್ ಕಾದ. ಮೊರಾಗ್ ಕಾದಳು.

“ನನ್ನ ಕೈಲಿ ಆಗಲ್ಲ,” ಎಂದ ವೆಂಡೆಲ್.

“ಯಾವುದಾದ್ರೂ ಒಂದು ಹೇಳೋ ಮಾರಾಯ. ಅಷ್ಟು ದೊಡ್ಡ ಆಕಾಶ ಬಿದ್ದಿದೆ.”

“ಇಲ್ಲ ಲೆಸ್ಟರ್. ಎಲ್ಲಿ ಏನೂ ಇಲ್ಲ ಅಂತ ನಾನು ಹೇಳಲ್ಲ. ನನಗೆ ಗೊತ್ತಿಲ್ಲ.”

ಮೊದಲು ಹೇಳಿದ ‘ಗೊತ್ತಿಲ್ಲ’ ಬೇರೆ. ಇದು ಬೇರೆ. ಎರಡನ್ನೂ ನಾನು ಕಿವಿಯಾರೆ ಕೇಳಿದ್ದೇನೆ.

ಮೊರಾಗ್ ತಲೆಯಾಡಿಸಿದಳು. “ಹಾಗಾದ್ರೆ ಯಾವುದನ್ನೂ ಖಾಲಿ ಅಂತ ಒಪ್ಕೊಳ್ಳೋದು ಬೇಡ. ಸುತ್ತಮುತ್ತ ಸ್ವಲ್ಪ ಸ್ವಲ್ಪ ಸರಿಸ್ತಾ ಎಲ್ಲಾ ಕಡೇನೂ ಚಿತ್ರ ತೆಗೆಯೋಣ. ನಕ್ಷತ್ರ ಎಲ್ಲಾ ಚಿತ್ರದಲ್ಲೂ ಒಂದೇ ಕಡೆ ಇರಲ್ಲ, ಆಕಾಶದ ಕಾವು ಎಲ್ಲದ್ರಲ್ಲೂ ಇರುತ್ತೆ. ಎಲ್ಲದ್ರಲ್ಲೂ ಸಮನಾಗಿರೋದನ್ನ ಮಾತ್ರ ಕಳೆಯೋಣ. ಕೆಲಸ ಜಾಸ್ತಿ, ಅಷ್ಟೇ.”

“ಆಗ್ಲಿ,” ಎಂದ. ಜಾಕೆಟ್ ತೆಗೆದುಕೊಂಡು ಹೊರಟ. ತಟ್ಟೆ ಹಾಗೇ ಉಳಿಯಿತು.

ಬೆಳಗ್ಗೆ ಬೇರೆಯವರೆಲ್ಲ ಇಳಿದು ಬಂದರೂ ಇವರಿಬ್ಬರು ಬರಲಿಲ್ಲ. ಕಾವು ನೋಡುವ ದೂರದರ್ಶಕಕ್ಕೆ ಸೂರ್ಯ ಹುಟ್ಟಿದ ಮೇಲೂ ಸ್ವಲ್ಪ ಹೊತ್ತು ಕಾಣುತ್ತದೆ, ಅದಕ್ಕೇ ಬಿಡಲಿಲ್ಲ ಎಂದು ಆಮೇಲೆ ಮೊರಾಗ್ ಹೇಳಿದಳು. ನಕ್ಷತ್ರಗಳು ಸಿಕ್ಕಿದ್ದವು. ಗುಂಡಿಗಳಿದ್ದ ಕಡೆಯಲ್ಲೆಲ್ಲ ಒಂದೊಂದು. ಅವಳು ನನ್ನನ್ನು ತಬ್ಬಿಕೊಂಡಳು, ಕುಣಿಯಲು ಶಕ್ತಿ ಇರಲಿಲ್ಲ. ವೆಂಡೆಲ್ ಅನ್ನ ಹಾಕಿಸಿಕೊಂಡು ತಿಂದ. ನಾನು ಅವನ ಮುಖ ನೋಡುತ್ತ ನಿಂತೆ. ‘ಪಾಸು’ ಎನ್ನಲಿಲ್ಲ, ‘ನೀರು ಜಾಸ್ತಿ’ ಎನ್ನಲಿಲ್ಲ. ನಕ್ಷತ್ರ ಸಿಕ್ಕಿದರೂ ಅಷ್ಟೇ, ಸಿಗದಿದ್ದರೂ ಅಷ್ಟೇ ಎಂಬಂತಿದ್ದ.

ಅಂದು ನನ್ನ ವಾರ ಮುಗಿದಿತ್ತು. ಅಡುಗೆಮನೆಯ ವ್ಯಾನಿನಲ್ಲಿ ಇಳಿಯಬೇಕು. ಚೀಲ ಹಿಡಿದು ಹೊರಗೆ ಬಂದರೆ ವೆಂಡೆಲ್ ತನ್ನ ಗಾಡಿಯ ಬಾಗಿಲು ತೆರೆದುಕೊಂಡು ನಿಂತಿದ್ದ.

“ಆಂಟಿ, ಇದ್ರಲ್ಲಿ ಬನ್ನಿ.”

“ನಿದ್ದೆ ಮಾಡಲ್ವಾ? ನೀನು ಇಲ್ಲೇ ಇರ್ಬಹುದು ಅಂದ್ನಲ್ಲ ಲೆಸ್ಟರ್.”

“ಬನ್ನಿ,” ಎಂದ ಮತ್ತೆ.

ದಿಂಬನ್ನು ಹಿಂದಕ್ಕೆ ಎಸೆದು ನನಗೆ ಜಾಗ ಮಾಡಿದ. ಲಾವಾ ಬಯಲು ದಾಟಿದೆವು. ಮಂಜು ಬಂತು, ಆಮೇಲೆ ಹಿಲೋದ ಮಳೆ ಬಂತು. ಇಳಿಯುವ ದಾರಿಯಲ್ಲಿ ಕೌಮಾನ ಮೊದಲು ಸಿಗುತ್ತದೆ, ಸಮುದ್ರದಂಡೆ ಆಮೇಲೆ. ಅವನ ಮನೆಯ ತಿರುವಿನ ಹತ್ತಿರ ಗಾಡಿ ನಿಧಾನ ಮಾಡಿದ. ಹಿಂದಿದ್ದವನು ಹಾರನ್ ಒತ್ತಿದ. ವೆಂಡೆಲ್ ತಿರುಗಿಸಿದ.

ಮನೆಯ ಮುಂದೆ ನಿಲ್ಲಿಸಿ, ಎಂಜಿನ್ ಆರಿಸದೆ ಕೂತ. ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಜಗುಲಿಯ ಕಟಕಟೆಯ ತುಂಬ ಪ್ಲಾಸ್ಟಿಕ್ ಚೀಲಗಳು ನೇತಾಡುತ್ತಿದ್ದವು. ಬಾಗಿಲ ಹಿಡಿಗೆ ಒಂದು, ಕುರ್ಚಿಯ ಮೇಲೆ ಎರಡು. ನಮ್ಮ ಕಡೆ ಎಲ್ಲರ ಹಿತ್ತಲಲ್ಲೂ ಹಣ್ಣು, ತಿಂದು ಮುಗಿಯದಷ್ಟು. ಚೀಲಕ್ಕೆ ತುಂಬಿ ಅವರಿವರ ಬಾಗಿಲಿಗೆ ನೇತುಹಾಕಿ ಬರುತ್ತೇವೆ. ಕರೆಯುವುದಿಲ್ಲ, ಹೆಸರು ಹೇಳುವುದಿಲ್ಲ.

“ಯಾರು ಇಟ್ಟಿದ್ದು ಇದು?” ಎಂದ.

ಉತ್ತರ ಬೇಲಿಯ ಆಚೆಯಿಂದ ಬಂತು. ಪಕ್ಕದ ಮನೆಯ ವಿಯೋಲಾ, ಪೋರ್ಚುಗೀಸರವಳು, ಕೊಡೆ ಹಿಡಿದು ನಾಯಿಯ ಜೊತೆ ನಿಂತಿದ್ದಳು. “ಓ, ಬದುಕಿದ್ದೀಯಾ? ನೀನು ಮನೆ ಮಾರ್ಕೊಂಡು ಹೋದೆ ಅಂದ್ಕೊಂಡಿದ್ದೆ! ಯಾರು ಇಟ್ಟಿದ್ದಾ? ಬೀದಿಯವ್ರು ಎಲ್ಲಾ ಇಟ್ಟಿದಾರೆ. ಅರ್ಲೀನ್ ಜೊತೆ ತೋಟದಲ್ಲಿದ್ದೋರೂ ಬರ್ತಾರೆ. ಕೊಳೆತಿದ್ದನ್ನೆಲ್ಲ ನಾನೇ ತೆಗ್ದು ಹಂದಿಗೆ ಹಾಕ್ತೀನಿ. ನನ್ನ ಹಂದಿ ನಿನ್ನ ಹೆಸರಲ್ಲಿ ಎಷ್ಟು ಕೊಬ್ಬಿದೆ ನೋಡು ಬಾ.”

“ನಾನು ಇರ್ಲಿಲ್ವಲ್ಲ.”

“ನೀನು ಮನೇಲಿಲ್ಲ ಅಂತ ಮರಕ್ಕೆ ಗೊತ್ತಾ?” ಎಂದಳು ವಿಯೋಲಾ. “ಆ ಹುಲ್ಲು ಮಾತ್ರ ನಾನು ಕತ್ತರಿಸಲ್ಲಪ್ಪ. ನನಗೆ ಸೊಂಟ ನೋವು.”

ವೆಂಡೆಲ್ ಎಂಜಿನ್ ಆರಿಸಿದ. ಜಗುಲಿ ಹತ್ತಿದ. ಚೀಲಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದ. ಬೆಣ್ಣೆಹಣ್ಣು ಕಪ್ಪಾಗಿತ್ತು. ಪಪ್ಪಾಯಿ ನೀರಾಗಿತ್ತು, ಸಣ್ಣ ನೊಣಗಳು ಎದ್ದವು. ಒಂದರಲ್ಲಿ ಚಕ್ಕೋತ ಇದ್ದವು, ದಪ್ಪ ಸಿಪ್ಪೆಯವು, ಏನೂ ಆಗಿರಲಿಲ್ಲ.

ಹೊಸ್ತಿಲ ಹೊರಗೆ ಅರ್ಲೀನಳ ಚಪ್ಪಲಿ ಬಿಟ್ಟಲ್ಲೇ ಇತ್ತು. ವೆಂಡೆಲ್ ಅದರ ಪಕ್ಕ ತನ್ನ ಶೂ ಬಿಟ್ಟ. ನಾನೂ ಬಿಟ್ಟೆ. ಒಳಗೆ ಮುಚ್ಚಿದ ಮನೆಯ ವಾಸನೆ. ಅವನು ದೀಪ ಹಾಕಲಿಲ್ಲ, ಕಿಟಕಿ ತೆರೆಯಲಿಲ್ಲ, ಸೋಫಾದ ತುದಿಯಲ್ಲಿ ಕೂತ. ನಾನು ಅಡುಗೆಮನೆಗೆ ಹೋಗಿ ಚಾಕು ಹುಡುಕಿದೆ, ಚಕ್ಕೋತ ಸುಲಿದು ತೊಳೆಗಳನ್ನು ಬಟ್ಟಲಿಗೆ ಹಾಕಿ ತಂದೆ. ಒಂದು ಬಾಯಿಗೆ ಹಾಕಿಕೊಂಡ. ಬಹಳ ಹೊತ್ತು ಅಗಿದ.

“ಹುಳಿ ಆಂಟಿ,” ಎಂದ. “ಒಂಚೂರು ಬೇಗ ಕಿತ್ತಿದಾರೆ.”

“ಕಿತ್ತಿದ್ದು ನಾನಲ್ಲ,” ಎಂದೆ.

ಇನ್ನೊಂದು ತೊಳೆ ತೆಗೆದುಕೊಂಡ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಹಿಂದಕ್ಕೆ ಒರಗಿದ. ರಾತ್ರಿಯೆಲ್ಲ ಎಚ್ಚರವಿದ್ದವನು. ನಾನು ಬಟ್ಟಲು ತೊಳೆದು ಬರುವಷ್ಟರಲ್ಲಿ ನಿದ್ದೆ ಹೋಗಿದ್ದ, ಬಾಯಿ ಸ್ವಲ್ಪ ತೆರೆದುಕೊಂಡು. ಬೆರಳ ಸಂದಿಯಿಂದ ತೊಳೆಯನ್ನು ಬಿಡಿಸಿಕೊಂಡೆ. ಕಿಟಕಿಯ ಪರದೆ ಎಳೆದೆ. ಕಲ್ಲುಮನೆಯ ಪರದೆಯಷ್ಟು ದಪ್ಪ ಇರಲಿಲ್ಲ, ಬೆಳಕು ಬರುತ್ತಿತ್ತು. ಒಳಕೋಣೆಯಿಂದ ಒಂದು ಕಂಬಳಿ ತಂದು ಪರದೆಯ ಮೇಲೆ ಸಿಕ್ಕಿಸಿದೆ.

ತುದಿಗಾಲಲ್ಲಿ ಹೊರಗೆ ಬಂದು ಬಾಗಿಲು ಸದ್ದಾಗದಂತೆ ಎಳೆದುಕೊಂಡೆ. ವಿಯೋಲಾಳ ನಾಯಿ ನನ್ನನ್ನು ನೋಡಿ ಬೊಗಳಲು ಬಾಯಿ ತೆಗೆಯಿತು.

“ಅದರ ಬಾಯಿ ಹಿಡ್ಕೋ ತಾಯಿ,” ಎಂದೆ. “ಮಲಗಿದಾನೆ.”